ಅಹೋರಾತ್ರಿ ಸಂಗೀತೋತ್ಸವದ ನೆಮ್ಮದಿ ವಿಭಾಗಕ್ಕೆ, ಐದು ಮುದ್ರೆ ಒತ್ತಿದವಳಿಂದ

ನಮ್ಮ ಕಣಿವೆಯ ಬೇಸಿಗೆ ಸಂಗೀತೋತ್ಸವ ಸಮಿತಿಯ 'ನೆರೆಹೊರೆಯ ನೆಮ್ಮದಿ ವಿಭಾಗ'ದ ಮುಖ್ಯಸ್ಥರಿಗೆ,

ಮಾನ್ಯರೇ,

ಜೀರುಂಡೆಗಳೂ ಕೂಗಿ ಕೂಗಿ ದಣಿದು ಸುಮ್ಮನಾಗುವ ಈ ಆಗಸ್ಟ್ ಸೆಕೆಯಲ್ಲಿ ತಾವೂ ತಮ್ಮ ಸಿಬ್ಬಂದಿಯೂ ಕಣ್ತುಂಬ ನಿದ್ದೆ ಮಾಡುತ್ತಿದ್ದೀರೆಂದು ನಂಬಿ, ನಿದ್ದೆಗೆಟ್ಟವಳೊಬ್ಬಳು ಮಾಡುವ ನಮಸ್ಕಾರಗಳು.

ಸಂಗೀತದ ಮೇಲೆ ನನಗೆ ಯಾವ ದೂರೂ ಇಲ್ಲ. ಹಲ್ಲು ಬರುವ ನೋವಿಗೆ ಎರಡು ವಾರದಿಂದ ಸರಿಯಾಗಿ ಮಲಗದ ನನ್ನ ಎಂಟು ತಿಂಗಳ ಮಗಳು ಕೋತೊನೆ, ಕಳೆದ ಶನಿವಾರ ರಾತ್ರಿ ಹೊಳೆಯಾಚೆಯ ವೇದಿಕೆಯಲ್ಲಿ ಡ್ರಮ್ಮು ಶುರುವಾದದ್ದೇ ತಡ, ಬಾಯಲ್ಲಿ ಬೆರಳಿಟ್ಟುಕೊಂಡು ನಿದ್ದೆಹೋದಳು. ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ನಾಲ್ಕು ಸಲ ಮೂಗಿನ ಬಳಿ ಬೆರಳಿಟ್ಟು ನೋಡಿ, ಕೊನೆಗೂ ಧೈರ್ಯ ತಂದುಕೊಂಡು ನಾನು ದಿಂಬಿಗೆ ತಲೆಯಿಟ್ಟೆ. ಆಗ ತಮ್ಮ ವಿಭಾಗ ಕರೆಗಂಟೆ ಒತ್ತಿತು.

ಬಾಗಿಲಲ್ಲಿ ಸೊಂಟ ಬಗ್ಗಿಸಿ ನಿಂತಿದ್ದವರು ನಿವೃತ್ತ ಅಂಚೆ ಮಾಸ್ತರರಾದ ಕುರಿಬಯಾಶಿಯವರು. ಕೈಯಲ್ಲಿ ಶಬ್ದ ಅಳೆಯುವ ಯಂತ್ರ. "ತೊಂದರೆ ಕೊಡ್ತಿದ್ದೀವಿ, ಕ್ಷಮಿಸ್ಬೇಕಮ್ಮ! ಗದ್ದಲ ಮಿತಿಗಿಂತ ಕಮ್ಮಿನೇ ಇದೆ, ಇಲ್ಲೊಂದು ಮುದ್ರೆ ಒತ್ತಿಬಿಡಿ" ಎಂದು ಪಿಸುಗುಟ್ಟಿದರು. ಕಿವಿ ಮಂದವಾದವರ ಪಿಸುಮಾತು ಹೇಗಿರುತ್ತದೆಂದು ತಮಗೆ ತಿಳಿದೇ ಇದೆ. ಮಗು ಎದ್ದಿತು. ಸಹಿಯ ಬದಲು ನಾನು ನನ್ನ ಹೆಸರಿನ ಮುದ್ರೆ ಒತ್ತಿದ ಕಾಗದದ ತಲೆಬರಹ: 'ನಿವಾಸಿಗಳು ನೆಮ್ಮದಿಯಾಗಿ ಮಲಗಿರುವ ಬಗ್ಗೆ ದೃಢೀಕರಣ.'

ಹನ್ನೊಂದರಿಂದ ಮೂರರವರೆಗೆ ಗಂಟೆಗೊಂದು ಮುದ್ರೆ. ಡ್ರಮ್ಮು ಮಲಗಿಸುವುದು, ತಾವು ಎಬ್ಬಿಸುವುದು. ಬಾಗಿಲು ತೆಗೆಯುವುದೇ ಇಲ್ಲವೆಂದು ನಾನು ಹಟ ಹಿಡಿದರೆ ಅತ್ತೆ ಫುಸಾಯೆಯವರು, "ಹಬ್ಬಕ್ಕೆ ಮುಂಚೆ ಅವರು ಗದ್ದಲ ಆಗುತ್ತೆ ಅಂತ ಕ್ಷಮೆ ಕೇಳಿ ಟವೆಲ್ ಉಡುಗೊರೆ ಕೊಟ್ಟಾಗ ಎರಡೂ ಕೈಯಲ್ಲಿ ಇಸ್ಕೊಂಡೆಯಲ್ಲಮ್ಮ ಮಹರಾಯ್ತಿ, ಈಗ ಗೊಣಗಿದ್ರೆ ಹೇಗೆ? ಹೋಗು, ಒತ್ತು" ಎಂದು ಗೋಡೆಯ ಕಡೆ ಹೊರಳಿದರು. ಹೀಗೆ ರಾತ್ರಿಯಿಡೀ ಎಚ್ಚರವಿದ್ದು ಸ್ವಂತ ನಿದ್ದೆಗೆ ಪ್ರಮಾಣಪತ್ರ ಕೊಟ್ಟ ಭಾಗ್ಯ ನನ್ನದಾಯಿತು.

ಮೂರು ಗಂಟೆಗೆ ಕಂಕುಳಲ್ಲಿ ಅಳುತ್ತಿದ್ದ ಕೋತೊನೆಯನ್ನು ಕಂಡ ಕುರಿಬಯಾಶಿಯವರು, "ಅಯ್ಯೋ, ಹಾಡಿನ ಗಲಾಟೆಗೆ ಎದ್ಬಿಟ್ಟಿದೆ ಪಾಪ!" ಎಂದು ಕಣ್ಣಲ್ಲಿ ನೀರು ತಂದುಕೊಂಡು, ವೇದಿಕೆಗೆ ಫೋನ್ ಮಾಡಿ ಡ್ರಮ್ಮನ್ನೇ ನಿಲ್ಲಿಸಿಬಿಟ್ಟರು. ಅಲ್ಲಿಂದ ಬೆಳಕು ಹರಿಯುವವರೆಗೂ ಕಣಿವೆಯಲ್ಲಿ ನಡೆದದ್ದು ಕೋತೊನೆಯ ಕಛೇರಿ ಒಂದೇ.

ಆದ್ದರಿಂದ ವಿನಂತಿ ಇಷ್ಟೆ: ಮುಂದಿನ ವರ್ಷ ವಾದ್ಯದವರನ್ನೆಲ್ಲ ನಮ್ಮ ಜಗುಲಿಯ ಮೇಲೆ ಕೂರಿಸಿ, ತಮ್ಮ ವಿನಯವನ್ನು ಮಾತ್ರ ಹೊಳೆಯಾಚೆಗೆ, ಸಾಧ್ಯವಾದರೆ ಬೆಟ್ಟದಾಚೆಗೆ, ಸಾಗಿಸಬೇಕು.

ಆಕಳಿಸುತ್ತಲೇ,
ತಮ್ಮ ವಿಶ್ವಾಸಿ,
ಹಿರಾಸಾವಾ ಚಿನಾತ್ಸು

ತಾ.ಕ.: ಇದನ್ನು ಅಂಚೆಗೆ ಹಾಕುವಷ್ಟರಲ್ಲಿ ತಮ್ಮ ಸುತ್ತೋಲೆ ಕೈಸೇರಿತು. ಮಗುವೊಂದು ಎಚ್ಚರಗೊಂಡ ವಿಷಾದಕರ ಘಟನೆಯ ಕಾರಣ ಮುಂದಿನ ಬಾರಿ ಅರ್ಧ ಗಂಟೆಗೊಮ್ಮೆ ಬಂದು ವಿಚಾರಿಸುವಿರಂತೆ. ಕೋತೊನೆಯ ಹೆಸರಿನಲ್ಲೂ ಒಂದು ಮುದ್ರೆ ಕೆತ್ತಿಸುತ್ತಿದ್ದೇನೆ. ಅಷ್ಟರಲ್ಲಿ ಅವಳು ನಡೆಯಲು ಕಲಿತಿರುತ್ತಾಳೆ, ಬಾಗಿಲು ಅವಳೇ ತೆಗೆಯಲಿ.