ಕಂಪ್ಯೂಟರಿಗೆ ಸುಳಿ ನೋಡಿದವನು

ನಮ್ಮ ಮೈದುನ ಕಂಪ್ಯೂಟರಿನ ಹಲ್ಲು ನೋಡಿ ಅದರ ವಯಸ್ಸು ಹೇಳಬಲ್ಲ. ನಗಬೇಡಿ! ರಾಯಚೂರಿನ ಅಂಗಡಿಯೊಂದರಲ್ಲಿ, ನನ್ನ ಕಣ್ಣೆದುರಿಗೇ, ಅವನು ಒಂದು ಮದರ್‌ಬೋರ್ಡನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಅದರ ಅಂಚಿನ ಬಿಳಿ ಕೊಂಡಿಗಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿ, "ಇದು ಇನ್ನಾ ಹಾಲುಹಲ್ಲಿಂದದ, ಎಳಿ ಕರ" ಎಂದು ತೀರ್ಪು ಕೊಟ್ಟ. ಅಂಗಡಿಯ ಭಾಯಿ ನನ್ನ ಮುಖ ನೋಡಿದ. ನಾನು ಸೀಲಿಂಗ್ ಫ್ಯಾನ್ ನೋಡಿದೆ. ನೆಂಟರು ಮಾನ ಕಳೆಯುವಾಗ ಮೇಲೆ ನೋಡಬೇಕು, ಗ್ರೇಸ್‌ಫುಲ್ ಆಗಿ ಇರಬೇಕು ಎಂದು ನಮ್ಮ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ನೋಡಿದಷ್ಟು ಸೀಲಿಂಗನ್ನು ಸುಣ್ಣ ಬಳಿಯುವವರೂ ನೋಡಿರಲಿಕ್ಕಿಲ್ಲ.

ನನ್ನ ಯಜಮಾನರು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುತ್ತಿದ್ದರು. ಅವರ ಬೆನ್ನಿಗೆ ಹುಟ್ಟಿದ ಈ ತಮ್ಮ ದೇವದುರ್ಗದ ಸಂತೆಯಲ್ಲಿ ಎತ್ತಿನ ದಲ್ಲಾಳಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಇಷ್ಟು ಬೇರೆ ಇರಲು ಸಾಧ್ಯವೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಸಿಕಂದರಾಬಾದಿನಲ್ಲಿ ಓದಿ, ಪಿಯಾನೋ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತು ಬೆಳೆದ ನಾನು ಮದುವೆಯಾಗಿ ಬಂದಾಗ ಇವನು ಹೊಸ ಅತ್ತಿಗೆಗೆ ಕೇಳಿದ ಮೊದಲ ಪ್ರಶ್ನೆ ಏನು ಗೊತ್ತೇ? "ವೈನಿ, ನಿಮ್ಮ ಕಡಿ ಎತ್ತಿನ ಕೋಡು ಹೆರಿತಾರೇನ್ರಿ?" ಈ ಮನೆಯ ಸೀಲಿಂಗನ್ನು ನಾನು ಮೊದಲ ಸಲ ನೋಡಿದ್ದು ಅಂದೇ! ಅವನು ಮದುವೆಯಾಗಲಿಲ್ಲ. ಯಾಕಪ್ಪಾ ಎಂದರೆ "ಜೋಡಿ ಕೂಡ್ಲಿಲ್ರಿ" ಎನ್ನುತ್ತಾನೆ. ದಲ್ಲಾಳಿಗಳಲ್ಲಿ ಇದಕ್ಕಿಂತ ಹೆಚ್ಚಿನ ವಿವರಣೆ ಕೊಡುವ ರೂಢಿ ಇಲ್ಲವಂತೆ.

ಅವನಿಗೆ ಜೋಡಿಯಾಗಿ ಕೂಡಿದ್ದೆಂದರೆ ಒಂದು ಹಳೆಯ ಹಸಿರು ಜೀಪು. ಅದರ ಎಡಗಡೆಯ ಬಾಗಿಲಿಗೆ ಒಂದು ಕಾಯಿಲೆ ಇತ್ತು. ಒಂದು ಸಲ ಎಳೆದರೆ ಹಾಕಿಕೊಂಡಂತೆ ನಟಿಸುತ್ತಿತ್ತು. ಎರಡನೇ ಸಲ ಎಳೆದರೆ ಮಾತ್ರ ನಿಜವಾಗಿ ಹಾಕಿಕೊಳ್ಳುತ್ತಿತ್ತು. ಯಜಮಾನರು ತೀರಿಹೋದ ಮೇಲೆ ಭಾನುವಾರದ ಸಂಜೆಗಳಲ್ಲಿ ನನ್ನನ್ನು ಸಿರವಾರದ ದಾರಿಯಲ್ಲಿ ಭತ್ತದ ಗದ್ದೆಗಳ ತನಕ ಕರೆದುಕೊಂಡು ಹೋಗುವುದು ಇವನ ಪದ್ಧತಿಯಾಯಿತು. ಕಾಲುವೆಯ ಹತ್ತಿರ ನಿಲ್ಲಿಸಿ, ಕಾಗದದಲ್ಲಿ ಕಟ್ಟಿಸಿದ ಮಿರ್ಚಿ ಭಜಿ ತಿಂದು, ಹೆಚ್ಚು ಮಾತಿಲ್ಲದೆ ತಿರುಗಿ ಬರುತ್ತಿದ್ದೆವು. ಹೊರಡುವ ಮುಂಚೆ ಪ್ರತಿಸಲವೂ ಅದೇ ಮಾತು.

"ಬಾಗ್ಲಾ ಹಾಕ್ಕೊಂಡ್ರೇನ್ರಿ ವೈನಿ?"

"ಹಾಕ್ಕೊಂಡೆ."

"ಮತ್ತೊಮ್ಮೆ ಎಳೀರಿ."

ಎರಡನೇ ಸದ್ದು ಕೇಳುವ ತನಕ ಅವನು ಗೇರ್ ಹಾಕಿದವನಲ್ಲ.

ಹೀಗಿರುವಾಗ ಒಂದು ದಿನ ಸಿರವಾರದ ಹತ್ತಿರ ಎಮ್ಮೆಯೊಂದಕ್ಕೆ ಜೀಪು ತಾಗಿಸಿದ. ಎಮ್ಮೆಗೆ ಏನೂ ಆಗಲಿಲ್ಲ, ಜೀಪಿನ ಎಡಗಡೆಯ ದೀಪ ಹೋಯಿತು. ಆದರೆ ಎಮ್ಮೆಯ ಮಾಲೀಕ ಇವನನ್ನು ಗುರುತು ಹಿಡಿದುಬಿಟ್ಟ! "ನೀವ ಕೊಡಿಸಿದ ಎಮ್ಮಿನ ನಿಮಗ ಕಾಣ್ಲಿಲ್ಲೇನ್ರಿ" ಎಂದು ಕೇಳಿದನಂತೆ. ಮನೆಗೆ ಬಂದವನು ಊಟ ಮಾಡಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಮಗಳು, ನಾವು ಮೂವರೂ ಒಂದೇ ಮನೆಯಲ್ಲಿರುವವರು, ಮರುದಿನವೇ ಕಾಕಾನನ್ನು ಕಣ್ಣಿನ ಡಾಕ್ಟರ ಹತ್ತಿರ ಎಳೆದೊಯ್ದಳು. ಎದುರಿನದು ಚೆನ್ನಾಗಿ ಕಾಣುತ್ತದೆ, ಎಡಪಕ್ಕದ ನೋಟ ಹೋಗಿದೆ, ಇನ್ನು ಗಾಡಿ ಓಡಿಸುವಂತಿಲ್ಲ ಎಂದರು ಡಾಕ್ಟರು. ಇದ್ದ ನೋಟ ಉಳಿಯಲು ದಿನಾ ಕಣ್ಣಿಗೆ ಹನಿ ಹಾಕಬೇಕು. ಮಗಳು ಜೀಪಿನ ಚಾವಿಯನ್ನು ಒಯ್ದು ಬ್ಯಾಂಕಿನ ಲಾಕರಿನಲ್ಲಿ, ತನ್ನ ಬಂಗಾರದ ಬಳೆಗಳ ಪಕ್ಕದಲ್ಲಿ ಇಟ್ಟಳು. ಡಿಸಿಪ್ಲಿನ್ ಎಂದರೆ ಡಿಸಿಪ್ಲಿನ್!

ಅಂದಿನಿಂದ ನಮ್ಮ ಮೈದುನ ಬೆಳಗಾದರೆ ಅಂಗಳದಲ್ಲಿ ನಿಂತ ಜೀಪಿನೊಳಗೆ ಹೋಗಿ ಕೂಡಲು ಶುರು ಮಾಡಿದ. ಸ್ಟಿಯರಿಂಗ್ ಮೇಲೆ ಎರಡೂ ಕೈ, ಕಣ್ಣು ಎದುರಿನ ಕಾಂಪೌಂಡ್ ಗೋಡೆಯ ಮೇಲೆ. ಆಗಾಗ ಹಾರ್ನ್ ಹೊಡೆಯುತ್ತಿದ್ದ. ಗೋಡೆ ಸರಿಯುತ್ತಿರಲಿಲ್ಲ. ನೋಡಿ ನಗು ಬರುತ್ತಿತ್ತು, ಆಮೇಲೆ ಬರುತ್ತಿರಲಿಲ್ಲ. ಅವನ ಜೊತೆ ನನ್ನ ಭಾನುವಾರಗಳೂ ಆ ಗೋಡೆಯ ಮುಂದೆ ನಿಂತಿದ್ದವು. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಲೇಡೀಸ್ ಡು ನಾಟ್ ಕಂಪ್ಲೇನ್, ಎನ್ನುತ್ತಿದ್ದರು ಸಿಸ್ಟರುಗಳು.

ಮಗಳ ಮನಸ್ಸೇ ಕರಗಿತು. ಮನೆಯಲ್ಲೇ ಕೂತು, ಮೇಜಿಗೆ ಸ್ಟಿಯರಿಂಗ್ ಬಿಗಿದು, ಪರದೆಯ ಮೇಲೆ ಲಾರಿ ಓಡಿಸುವ ಆಟವೊಂದನ್ನು ಫೋನಿನಲ್ಲಿ ಅವನಿಗೆ ತೋರಿಸಿದಳು. ಅವನು ಕಣ್ಣು ಮಿಟುಕಿಸದೆ ನೋಡಿದ.

"ಇದಕ ಲೈಸೆನ್ಸ್ ಬೇಕೇನವಾ?"

"ಬ್ಯಾಡ ಕಾಕಾ."

"ಎಮ್ಮಿ ಅಡ್ಡ ಬಂದ್ರ?"

"ಬಂದ್ರ ಬರ್ಲಿ. ಅದಕೂ ಏನಾಗಂಗಿಲ್ಲ, ನಿನಗೂ ಏನಾಗಂಗಿಲ್ಲ."

"ಹಂಗಾದ್ರ ಜೀಪು ಮಾರ್ತೀನಿ."

ಅವನ ಷರತ್ತು ಒಂದೇ. ಜೀಪಿನಿಂದ ಬಂದ ದುಡ್ಡಿನಲ್ಲೇ ಕಂಪ್ಯೂಟರ್ ಆಗಬೇಕು. ಮಗಳ ಹತ್ತಿರ, ನನ್ನ ಹತ್ತಿರ ಒಂದು ಪೈಸೆಯನ್ನೂ ಮುಟ್ಟುವುದಿಲ್ಲ. ಆಗದಿದ್ದರೆ? ಜೀಪೂ ಇಲ್ಲ, ಇದೂ ಇಲ್ಲ. ಮತ್ತೆ ಗೋಡೆ!

ಜೀಪು ಕೊಂಡವನು ಮಾನ್ವಿಯ ಒಬ್ಬ ಹತ್ತಿ ವ್ಯಾಪಾರಿ. ಚಾವಿ ಲಾಕರಿನಿಂದ ಹೊರಬಂತು. ವ್ಯಾಪಾರ ನಮ್ಮ ಅಂಗಳದಲ್ಲೇ, ಸಂತೆಯ ರೀತಿಯಲ್ಲೇ ನಡೆಯಿತು. ಇಬ್ಬರ ಬಲಗೈ ಒಂದು ಟವೆಲಿನ ಕೆಳಗೆ, ಬೆರಳಿಗೆ ಬೆರಳು ಒತ್ತಿ ಬೆಲೆ. ನೋಡುವವರಿಗೆ ಟವೆಲು ಅಲುಗುವುದು ಮಾತ್ರ ಕಾಣುತ್ತದೆ. ನಡುವೆ ಮೈದುನ ಬಗ್ಗಿ ಅವನ ಕಿವಿಯಲ್ಲಿ ಏನೋ ಹೇಳಿದ. ಆ ಮನುಷ್ಯ ನನ್ನ ಕಡೆ ಒಮ್ಮೆ ನೋಡಿ, ತಲೆಯಾಡಿಸಿ, ಮತ್ತೆ ಬೆರಳು ಒತ್ತಿದ. ಕೊನೆಗೆ ಕೈಗೆ ಬಂದದ್ದು ನಾವು ಅಂದುಕೊಂಡದ್ದಕ್ಕಿಂತ ಸಾಕಷ್ಟು ಕಡಿಮೆ. ಇಡೀ ಸೀಮೆಯ ದನಗಳಿಗೆ ಬೆಲೆ ಕಟ್ಟುವವನು ಸ್ವಂತ ಜೀಪಿನಲ್ಲಿ ಹೀಗೆ ಮೋಸ ಹೋಗುವುದೇ ಎಂದು ಮಗಳು ರೇಗಿದಳು.

"ಟವೆಲ್ ಒಳಗಿನ ಮಾತು ಹೊರಗ ಆಡಂಗಿಲ್ಲವಾ" ಎಂದ. ಅಲ್ಲಿಗೆ ಮುಗಿಯಿತು.

ಇನ್ನು ಅಂಗಡಿ. ಮಗಳು ಸಿದ್ಧವಾದ ಕಂಪ್ಯೂಟರನ್ನೇ ತಂದುಬಿಡೋಣ ಎಂದರೆ ಇವನಿಗೆ ಅವಮಾನ. ಯಾವ ರೈತ ಜೋಡಿ ಎತ್ತನ್ನು ಒಬ್ಬನ ಹಟ್ಟಿಯಿಂದಲೇ ಹೊಡೆದುಕೊಂಡು ಬರುತ್ತಾನೆ? ಒಂದನ್ನು ಇಲ್ಲಿ ನೋಡಬೇಕು, ಇನ್ನೊಂದನ್ನು ಅಲ್ಲಿ ನೋಡಬೇಕು, ಆಮೇಲೆ ಜೋಡಿ ಕಟ್ಟಬೇಕು. ಮಗಳಿಗೆ ಬ್ಯಾಂಕು, ಹಾಗಾಗಿ ಇಂಗ್ಲಿಷ್ ಬಲ್ಲ ನಾನು ದುಭಾಷಿಯಾಗಿ ಜೊತೆಗೆ ಹೋದೆ. ಡಬ್ಬಿಗಳ ಮೇಲಿನ ಸಣ್ಣ ಅಕ್ಷರಗಳನ್ನು ನಾನು ಓದುವುದು, ಅವನು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು!

ಕ್ಯಾಬಿನೆಟ್ ಅಂದರೆ ಎಲ್ಲವನ್ನೂ ತುಂಬುವ ಪೆಟ್ಟಿಗೆ. ಅದರ ಪಕ್ಕೆಯ ಮೇಲೆ ಒಂದು ಪೆಟ್ಟು ಕೊಟ್ಟ, ಎತ್ತಿನ ಪಕ್ಕೆಗೆ ಕೊಡುವ ಹಾಗೆ. ಅದು ಡಬ್ ಎಂದಿತು. "ತಗಡು ತೆಳ್ಳಗದ, ಚಳಿ ತಡಿಯಂಗಿಲ್ಲ." ಇದಕ್ಕೆ ಚಳಿಯೇ ಬೇಕು ಚಾಚಾ, ಬಿಸಿಯೇ ವೈರಿ ಎಂದು ಭಾಯಿ ತಿಳಿಹೇಳಲು ಅರ್ಧ ಮಧ್ಯಾಹ್ನ ಹಿಡಿಯಿತು. ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಬಂದಾಗ, ಮೊದಲು ಅದು ಓಡುವುದನ್ನು ತೋರಿಸು, ಆಮೇಲೆ ಬೆಲೆ ಮಾತು ಎಂದ ಇವನು. ಡಬ್ಬಿಯಿಂದಲೇ ಹೊರಬರದ ಪ್ರೊಸೆಸರನ್ನು ಓಡಿಸಿ ತೋರಿಸುವುದು ಹೇಗೆ, ನೀವೇ ಹೇಳಿ!

ಆದರೆ ಗ್ರಾಫಿಕ್ಸ್ ಕಾರ್ಡಿನ ಸಂಗತಿ ಮಾತ್ರ ನಾನು ಸಾಯುವ ತನಕ ಮರೆಯಲಾರೆ. ಪರದೆಯ ಮೇಲೆ ಚಿತ್ರ ಮೂಡಿಸುವ ಈ ತುಂಡೇ ಎಲ್ಲಕ್ಕಿಂತ ದುಬಾರಿ. ಅದಕ್ಕೆ ತನ್ನದೇ ಪುಟ್ಟ ಫ್ಯಾನುಗಳಿರುತ್ತವೆ. ಭಾಯಿ ಅಭಿಮಾನದಿಂದ ಮೂರು ಫ್ಯಾನಿನ ಕಾರ್ಡೊಂದನ್ನು ಗಾಜಿನ ಮೇಲೆ ಇಟ್ಟ. ಮೈದುನ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಿಂದೆ ಸರಿದು ನಿಂತ.

"ಮೂರು ಸುಳಿ. ಮನಿಗಿ ಆಗಂಗಿಲ್ಲ."

ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡ ಗುರುತಿಗೆ ಸುಳಿ ಎನ್ನುತ್ತಾರೆ, ಎಲ್ಲಿ ಎಷ್ಟು ಸುಳಿ ಇದ್ದರೆ ಒಳ್ಳೆಯದು, ಎಷ್ಟಿದ್ದರೆ ಕೇಡು ಎಂದು ಸಂತೆಯಲ್ಲಿ ನೋಡಿಯೇ ಕೊಳ್ಳುತ್ತಾರೆ. ನಾನು ಇದನ್ನು ಭಾಯಿಗೆ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಬಿಡಿಸಿ ಹೇಳಿದೆ. ಯಾಕೆ ಹೇಳಿದೆನೋ!

"ಚಾಚಾ, ಅದು ಸುಳಿ ಅಲ್ಲ, ಫ್ಯಾನ್ ಅದ" ಎಂದ ಭಾಯಿ, ಅಳುವವನಂತೆ.

"ತಿರಗತದಲ್ಲ? ತಿರಗೋದಂದ್ರ ಸುಳಿನ. ಎರಡು ಸುಳಿದು ತೋರಿಸು."

ಎರಡು ಫ್ಯಾನಿನ ಸಣ್ಣ ಕಾರ್ಡು ಬಂತು. ಬೆಲೆಯೂ ಸಾಕಷ್ಟು ಕಡಿಮೆ. ಇಷ್ಟು ಸಣ್ಣದನ್ನು ಕಟ್ಟಿಕೊಂಡು ದೊಡ್ಡ ಪ್ರೊಸೆಸರ್ ಹಾಕಿದರೆ ವ್ಯರ್ಥ, ಒಂದು ಇನ್ನೊಂದಕ್ಕೆ ಕಾಯುತ್ತಾ ಕೂಡುತ್ತದೆ ಎಂದು ಭಾಯಿ ಎಚ್ಚರಿಸಿದ. ಆ ಒಂದು ಮಾತು ಮಾತ್ರ ಇವನಿಗೆ ತಕ್ಷಣ ತಿಳಿಯಿತು. ಎತ್ತರದ ಎತ್ತಿಗೂ ಗಿಡ್ಡ ಎತ್ತಿಗೂ ಒಂದೇ ನೊಗ ಇಟ್ಟರೆ ಬಂಡಿ ನಿಂತಲ್ಲೇ ಗಿರಕಿ ಹೊಡೆಯುತ್ತದಲ್ಲವೇ! ಪ್ರೊಸೆಸರನ್ನೂ ಸಣ್ಣದು ಮಾಡಿಸಿದ. ಬಣ್ಣಬಣ್ಣದ ದೀಪಗಳು ಬೇಡ. ಕೋಡಿಗೆ ಗೊಂಡೆ ಕಟ್ಟಿದರೆ ಎತ್ತು ಹೆಚ್ಚು ಎಳೆಯುವುದಿಲ್ಲ. ಪರದೆಯೂ ಸ್ಟಿಯರಿಂಗೂ ಯಾರೋ ಬಳಸಿ ಬಿಟ್ಟದ್ದು. ಕೊನೆಗೆ ಟವೆಲು ಹೆಗಲಿನಿಂದ ಇಳಿಯಿತು. ಪಾಪ ಭಾಯಿ, ಬೆಲೆಯನ್ನು ಬಾಯಲ್ಲಿ ಹೇಳಲು ಹೋದವನ ಕೈಯನ್ನು ಮೈದುನ ಹಿಡಿದು ಎಳೆದು ಟವೆಲಿನ ಕೆಳಗೆ ಹಾಕಿಕೊಂಡ. ಆ ಹುಡುಗನಿಗೆ ಬೆರಳಿನ ಲೆಕ್ಕ ಎಲ್ಲಿ ಬರಬೇಕು? ಕಚಗುಳಿಯಾಗಿ ನಕ್ಕು ನಕ್ಕು ಒಪ್ಪಿಕೊಂಡುಬಿಟ್ಟ.

ಭಾಯಿ ಎಲ್ಲವನ್ನೂ ಜೋಡಿಸಿ, ಓಡಿಸಿ ತೋರಿಸಿದ. ಅಂಗಡಿಯಲ್ಲಿ ಎಲ್ಲವೂ ಬೆಳಗಿತು. ಆಟೋದಲ್ಲಿ ಮನೆಗೆ ತಂದೆವು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಮೈದುನ ಅಡುಗೆಮನೆಗೆ ಹೋಗಿ ಅನ್ನದ ಕುಕ್ಕರಿನ ವೈರು ತಂದು ಸಿಕ್ಕಿಸಿದ. ಅದು ಸರಿಯಾಗಿ ಕೂತುಬಿಡಬೇಕೇ! ಬಟನ್ ಒತ್ತಿದ. ಎರಡೂ ಸುಳಿ ತಿರುಗಿದವು. ಪರದೆಯ ಕರೆಂಟಿಗೆ ಕೈಗೆ ಸಿಕ್ಕ ಇನ್ನೊಂದು ವೈರು ಕೊಟ್ಟ. ಪರದೆ ಮಾತ್ರ ಕಪ್ಪು. ಆರಿಸಿ ಮತ್ತೆ ಒತ್ತಿದ. ಕಪ್ಪು.

ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಆಮೇಲೆ, ನಾನು ಆವರೆಗೆ ಕೇಳಿರದ ಸಣ್ಣ ದನಿಯಲ್ಲಿ ಕೇಳಿದ.

"ವೈನಿ, ನಿಮಗೇನಾರ ಕಾಣಾಕತ್ತದೇನ್ರಿ?"

ಅವನ ಕೈ ಕಣ್ಣಿನ ಹತ್ತಿರ ಹೋಗಿತ್ತು. ಅವನ ಭಯ ಯಾವುದೆಂದು ಆಗ ನನಗೆ ಹೊಳೆಯಿತು.

"ನನಗೂ ಏನೂ ಕಾಣ್ತಾ ಇಲ್ಲಪ್ಪಾ. ಪೂರಾ ಬ್ಲ್ಯಾಕ್."

"ಹಂಗಾದ್ರ ಅಡ್ಡಿಲ್ಲ" ಎಂದು ಉಸಿರು ಬಿಟ್ಟ. "ಕೆಟ್ಟದ್ದು ಇದು."

ಸಂಜೆ ಬಂದ ಮಗಳು ಮೇಜಿನ ಹಿಂದೆ ಬಗ್ಗಿ ನೋಡಿ ಕೇಳಿದಳು, ಪೆಟ್ಟಿಗೆಯಿಂದ ಪರದೆಗೆ ಹೋಗುವ ಕೇಬಲ್ ಎಲ್ಲಿ? ಕಾಕಾ ಘನತೆಯಿಂದ ಉತ್ತರ ಕೊಟ್ಟ. ಎಲ್ಲ ಕೇಬಲ್‌ಗಳನ್ನೂ ಬಿಚ್ಚಿ, ಅಚ್ಚುಕಟ್ಟಾಗಿ ಸುತ್ತಿ, ಭಾಯಿಯ ಗಲ್ಲಾಪೆಟ್ಟಿಗೆಯ ಹಿಂದೆ ಇಟ್ಟು ಬಂದಿದ್ದನಂತೆ. ಎತ್ತು ಕೊಂಡವನು ಮಾರಿದವನ ಹಗ್ಗ ತರಬಾರದು. ಹಗ್ಗ ಅವನ ಹಟ್ಟಿಯಲ್ಲೇ ಉಳಿಯಬೇಕು, ನಮ್ಮ ಮನೆಯ ಹಗ್ಗ ಹಾಕಿ ತರಬೇಕು. ಅದು ಸಂತೆಯ ಮರ್ಯಾದೆ! ಮಗಳು ತಲೆಗೆ ಕೈ ಕೊಟ್ಟು ಕೂತಳು. ನಾನು ಸೀಲಿಂಗ್ ನೋಡಿದೆ.

ಫೋನು ಹೋಯಿತು. ಭಾಯಿಯೇ ಸ್ಕೂಟರಿನಲ್ಲಿ ಕೇಬಲ್ ತಂದ.

"ಚಾಚಾ, ಇದು ಹಗ್ಗ ಅಲ್ಲ, ನರ ಅದ. ಎತ್ತು ಮಾರಿ ಅದರ ನರ ನಾ ಇಟ್ಕೊಂಡು ಏನ್ ಮಾಡ್ಲಿ?"

ಈ ಮಾತು ನಮ್ಮ ಮೈದುನನಿಗೆ ಒಪ್ಪಿತವಾಯಿತು. ನರ ಸೇರಿತು. ಪರದೆ ಬೆಳಗಿತು. ಎದುರಿಗೆ ಉದ್ದನೆಯ ರಸ್ತೆ, ಎರಡೂ ಕಡೆ ಹಸಿರು. ಲಾರಿ ಗುರುಗುಟ್ಟುತ್ತಾ ಕಾಯುತ್ತಿತ್ತು. ಮೈದುನ ಸ್ಟಿಯರಿಂಗ್ ಮೇಲೆ ಕೈಯಿಟ್ಟ, ಕೈ ತೆಗೆದ, ಎದ್ದು ನಿಂತ.

"ಇವತ್ತು ಬ್ಯಾಡ. ಇನ್ನೊಂದು ಸಾಮಾನು ಬರೋದದ."

ಮಗಳು ಏನೆಂದಳು ಎಂಬುದನ್ನು ನಾನು ಬರೆಯಲಾರೆ. ನಾನು ಕಾನ್ವೆಂಟಿನಲ್ಲಿ ಓದಿದವಳು.

ಭಾನುವಾರ ಸಂಜೆ ಮಾನ್ವಿಯಿಂದ ಒಂದು ಗೂಡ್ಸ್ ಆಟೋ ಬಂತು. ಹಿಂದೆ, ಗೋಣಿಚೀಲದಲ್ಲಿ ಸುತ್ತಿಟ್ಟದ್ದು, ಜೀಪಿನ ಸೀಟು. ಎಡಗಡೆಯದು. ಮಾಸಿದ ಹಸಿರು ರೆಕ್ಸಿನ್, ಹರಿದ ಅಂಚಿಗೆ ನಾನೇ ಎಂದೋ ಹಾಕಿದ ಕೆಂಪು ದಾರದ ಹೊಲಿಗೆ. ಕೆಳಗೆ ಹಲಗೆ ಹೊಡೆಸಿ ಕಾಲು ಕೂಡಿಸಿದ್ದರು. ಟವೆಲಿನ ಕೆಳಗೆ ಬೆಲೆ ಇಳಿದದ್ದು ಇದಕ್ಕೆ! ಅಂದರೆ ಆ ಮೂರು ಫ್ಯಾನಿನ ಕಾರ್ಡು ಬೇಡವಾದದ್ದು ಸುಳಿಗಾಗಿ ಇರಲಿಕ್ಕಿಲ್ಲ. ನಾನು ಕೇಳಲಿಲ್ಲ. ಅವನು ಹೇಳುವವನೂ ಅಲ್ಲ.

ಸೀಟನ್ನು ತನ್ನ ಕುರ್ಚಿಯ ಎಡಕ್ಕೆ ಒತ್ತಿ ಇಟ್ಟು, "ಬರ್ರಿ" ಎಂದ. ನಾನು ಹೋಗಿ ಕೂತೆ. ಕೂತ ಕೂಡಲೇ ಮಂಡಿ ತಾನಾಗಿ ಸೀಟಿನ ಆ ಹಳೆಯ ಓರೆಗೆ ಹೊಂದಿಕೊಂಡಿತು. ಅವನು ಎದುರಿಗೆ ನೋಡುತ್ತಾ ಸ್ಟಿಯರಿಂಗ್ ಹಿಡಿದ. ಆ ಪಕ್ಕದಲ್ಲಿ ಕೂತ ನಾನು ಅವನ ಕಣ್ಣಿಗೆ ಕಾಣುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಬಾಗ್ಲಾ ಹಾಕ್ಕೊಂಡ್ರೇನ್ರಿ ವೈನಿ?"

ಎಡಕ್ಕೆ ನೋಡಿದೆ. ನಮ್ಮ ಮನೆಯ ಗೋಡೆ, ಅದರ ಮೇಲೆ ಯಜಮಾನರ ಫೋಟೋ. ಗಾಳಿಯಲ್ಲಿ ಕೈ ಹಾಕಿ ಎಳೆದೆ.

"ಹಾಕ್ಕೊಂಡೆ."

ಅವನು ಕದಲಲಿಲ್ಲ. ಲಾರಿ ಗುರುಗುಟ್ಟುತ್ತಲೇ ಇತ್ತು. ನಾನು ಕೈ ಚಾಚಿ ಮತ್ತೊಮ್ಮೆ ಎಳೆದು, ಈ ಸಲ ಬಾಯಿಂದಲೇ 'ಧಡ್' ಎಂದೆ.

ಗೇರ್ ಬಿತ್ತು. ರಸ್ತೆ ನಮ್ಮ ಕಡೆ ಬರತೊಡಗಿತು.