ಆಲೆ ತೋಪಿನ ಕಳ್ಳ

ಹೆಂಡತಿ ಕಾರಣವಿಲ್ಲದೆ ಪ್ರೀತಿ ತೋರಿಸಿದರೆ ಗಂಡನಾದವನು ಎಚ್ಚರವಾಗಬೇಕು. ಮದುವೆಯಾದಂದಿನಿಂದ ಎರಡನೇ ಮುದ್ದೆಗೆ ಕೈ ಹಾಕಿದಾಗಲೆಲ್ಲ "ಒಸಿ ಹೊಟ್ಟೆ ನೋಡ್ಕಳಿ" ಎಂದು ತಡೆಯುತ್ತಿದ್ದ ನನ್ನ ಧರ್ಮಪತ್ನಿ ಮಾಯಮ್ಮ, ಕಳೆದ ಶ್ರಾವಣದಲ್ಲಿ ಒಂದು ದಿನ ಮೂರನೇ ಮುದ್ದೆಯನ್ನು ತಾನಾಗಿಯೇ ತಟ್ಟೆಗಿಟ್ಟು, ಅದು ಮುಳುಗುವಷ್ಟು ಬಸ್ಸಾರು ಸುರಿದು, "ಉಣ್ಣಿ, ಬಡವಾಗ್ಬುಟ್ಟಿದೀರಿ" ಅಂದಳು. ನಾನು ಬಡವಾಗಿರಲಿಲ್ಲ. (ಹಿಂದಿನ ವಾರವಷ್ಟೇ ಹೊಟ್ಟೆಗೆ ಸಾಲದೆ ಬೆಲ್ಟಿನ ತುದಿಗೆ ಇನ್ನೊಂದು ತೂತು ಹಾಕಿಸಿದ್ದೆ.) ಮುದ್ದೆ ನುಂಗಿದೆ, ಮಾತು ನುಂಗಲಿಲ್ಲ.

"ಏನ್ ಸಮಾಚಾರ?" ಅಂದೆ.

"ಸಮಾಚಾರ ಏನೈತೆ? ನಾಳೀಕೆ ಮಾಗಡಿಗೋಗಿ ನಿಮ್ಮಕ್ಕನ್ನ ನೋಡ್ಕಂಬನ್ನಿ. ಪಾಪ, ಒಂಟಿ ಜೀವ."

ನನ್ನಕ್ಕನಿಗೂ ಇವಳಿಗೂ ಮಾತು ಬಿಟ್ಟು ಹೋಗಿ ಕಾಲವಾಗಿದೆ. ಅವಳ ಹೆಸರೆತ್ತಿದರೆ ಒಲೆ ಮುಂದೆ ಪಾತ್ರೆ ಸದ್ದಾಗುವ ಮನೆ ನಮ್ಮದು. ಅಂಥವಳ ಬಾಯಲ್ಲಿ "ಪಾಪ"! ನನ್ನ ಎಡಗಣ್ಣು ಅದುರತೊಡಗಿತು.

ಓದುಗ ಮಹಾಶಯರೇ, ಬೋರಲಿಂಗಯ್ಯನಿಗೆ ಸಂಶಯ ಜಾಸ್ತಿ ಎಂದು ಸಾತನೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅದು ನನ್ನ ಗುಣವಲ್ಲ, ವೃತ್ತಿ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಕನಕಪುರ, ಸಾತನೂರು, ಚನ್ನಪಟ್ಟಣ ಎಂದು ಜೀವ ತೇಯ್ದವನು ನಾನು. ಕಿಟಕಿಯಾಚೆ ನೋಡುತ್ತ ಕೂತವನು ಟಿಕೆಟ್ ತಗೊಂಡಿಲ್ಲ, ನಿದ್ದೆ ಬಂದವನಂತೆ ತೂಕಡಿಸುವವನು ಟಿಕೆಟ್ಟಿಗಿಂತ ಎರಡು ಸ್ಟಾಪು ಮುಂದೆ ಬಂದಿದ್ದಾನೆ, ವಿಪರೀತ ನಗುತ್ತ ಮಾತಾಡಿಸುವವನು ಲಗೇಜಿನಲ್ಲಿ ಕೋಳಿ ಇಟ್ಟಿದ್ದಾನೆ. ಇದು ನನಗೆ ಸರ್ವೀಸು ಕಲಿಸಿದ ಬ್ರಹ್ಮಜ್ಞಾನ. ರಿಟೈರಾದ ಮೇಲೆ ಚೀಲ, ಸೀಟಿ ಎರಡನ್ನೂ ಡಿಪೋಗೆ ಒಪ್ಪಿಸಿದೆ. ಈ ಜ್ಞಾನವನ್ನು ಮಾತ್ರ ಯಾರೂ ವಾಪಸು ಕೇಳಲಿಲ್ಲ.

ಈಗ ನನ್ನ ಸಮಸ್ತ ಆಸ್ತಿಯೆಂದರೆ ಊರಾಚೆ ಗುಡ್ಡದ ಇಳಿಜಾರಿನಲ್ಲಿರುವ ಒಂದೆಕರೆ ಆಲೆ ಮರದ ತೋಪು. ಅಪ್ಪನಿಂದ ಬಂದ ಕಲ್ಲುಗಾಡು. ರಾಗಿ ಚೆಲ್ಲಿದರೆ ಹಕ್ಕಿಗೂ ಸಾಲುತ್ತಿರಲಿಲ್ಲ. ಸರ್ವೀಸಿನಲ್ಲಿದ್ದಾಗಲೇ ಅಲ್ಲಿ ಆಲೆ ಸಸಿ ನೆಟ್ಟೆ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರಿಗೆ ಬೇಕಾಗುವುದು ಇದೇ ಮರ: ಬಿಳುಪು, ಮೆದು, ಉಳಿ ಇಟ್ಟರೆ ಬೆಣ್ಣೆ. ನೆಡುವಾಗಲೂ ನನ್ನ ಕಂಡಕ್ಟರ್ ಬುದ್ಧಿಯೇ ಕೆಲಸ ಮಾಡಿತು. ಎರಡು ಗುಣಿ ನಡುವೆ ಒಂಚೂರು ಜಾಗ ಕಂಡರೆ ಸಾಕು, "ಒಳಗೆ ಹೋಗಿ, ಒಳಗೆ ಹೋಗಿ" ಎಂದು ಇನ್ನೊಂದು ಸಸಿ ತುರುಕಿದೆ. ಈಗ ತೋಪಿನೊಳಗೆ ನಾಯಿ ನುಗ್ಗಿದರೆ ಹಿಂದಕ್ಕೆ ತಿರುಗಲಾಗದೆ ಆ ಕಡೆಯಿಂದಲೇ ಹೊರಬೀಳಬೇಕು. ಆ ದಟ್ಟಣೆ ನನ್ನ ಹೆಮ್ಮೆ.

ಮಾಯಮ್ಮನ ತಲೆ ಕೆಟ್ಟಿದ್ದು ಆಷಾಢದಲ್ಲಿ. ಮಹಿಳಾ ಸಂಘದವರೊಂದಿಗೆ ಕನಕಪುರಕ್ಕೆ ಹೋಗಿ, ಮರ ಬೆಳೆಯುವವರ ತರಬೇತಿ ಎಂಬುದರಲ್ಲಿ ಇಡೀ ದಿನ ಕೂತು, ಚಿತ್ರಾನ್ನ ತಿಂದು, ಸಂಜೆ ಬಂದವಳೇ ಚಪ್ಪಲಿ ಬಿಡುವ ಮುಂಚೆ ಶುರು ಮಾಡಿದಳು.

"ನಮ್ ತೋಪು ಉಸ್ರು ಕಟ್ಕಂಡು ಸಾಯ್ತಾ ಐತೆ ಕಣ್ರೀ. ಸೊಟ್ಟಗಿರೋವು, ಸೊರಗಿರೋವು ಕಡ್ದು ತೆಗೀಬೇಕು. ಆಗ ಮಿಕ್ಕಿದ್ದು ದಪ್ಪ ಆಯ್ತವೆ. ಕಡ್ದ ಬುಡದಾಗೂ ಚಿಗುರು ಬತ್ತದೆ. ಅದ್ರಾಗೆ ಗಟ್ಟಿಯಾಗಿರೋ ಎಲ್ಡು ಉಳ್ಸಿ ಮಿಕ್ಕಿದ್ದು ಮುರ್ದಾಕುದ್ರೆ ಮತ್ತೆ ಮರ. ಮೇಲ್ಗಡೆ ಸಾಲೈತಲ್ಲ, ನೆಟ್ಟಗಿರೋವು, ಅವುನ್ನ ಮಾತ್ರ ಯಾವ ಕಾಲ್ಕೂ ಮುಟ್ಟಂಗಿಲ್ಲ. ಅವು ಬೀಜದ ಮರ. ಕಾಯಿ ಬಾಯ್ ಬುಟ್ರೆ ಬೀಜ ಗಾಳೀಲಿ ಹಾರಿ ಗುಡ್ಡನೆಲ್ಲ ತಾವೇ ತುಂಬ್ತವೆ."

ನಾನು ನಕ್ಕೆ. "ಲೇ ಮಾಯಿ, ಟಿಕೆಟ್ ತಗೊಂಡು ಕೂತೋರ್ನ ನಡುದಾರೀಲಿ ಇಳ್ಸಕ್ಕಾಯ್ತದಾ? ನನ್ನ ತೋಪಲ್ಲಿ ಒಂದು ಕಡ್ಡಿ ಮುರಿದ್ರೂ ನಾನು ಸುಮ್ಕಿರಾಕಿಲ್ಲ."

"ತೋಪು ನಿಮ್ಮೊಬ್ರುದಾ? ಬಿಂದಿಗೇಲಿ ನೀರು ಹೊತ್ತೋಳ್ಯಾರು? ನೀವು ಬಸ್ಸಲ್ಲಿ ಸೀಟಿ ಊದ್ತಿದ್ರಿ!"

ಅದು ನಿಜವೇ. ಆದರೆ ಗಂಡಸು ನಿಜಕ್ಕೆಲ್ಲ ತಲೆಬಾಗುತ್ತ ಹೋದರೆ ಮನೆ ನಡೆಯುತ್ತದೆಯೇ? ವಿಷಯ ಅಲ್ಲಿಗೆ ಮುಗಿಯಿತು ಎಂದು ಘೋಷಿಸಿದೆ. ಅವಳೂ ಬಾಯಿ ಮುಚ್ಚಿದಳು. ಅಷ್ಟು ಬೇಗ ಬಾಯಿ ಮುಚ್ಚಿದ್ದೇ ಮೊದಲ ಸಂಶಯ. ಮೂರನೇ ಮುದ್ದೆ ಎರಡನೆಯದು.

ಮಾಗಡಿಗೆ ಹೋಗಿ ಬಂದೆ. (ಅಕ್ಕನೂ "ನಿನ್ನೆಂಡ್ತಿ ಕಳಿಸಿದ್ಲಾ?" ಎಂದು ಹುಬ್ಬೇರಿಸಿದಳು. ಸಂಶಯ ನಮ್ಮ ವಂಶದಲ್ಲೇ ಇದೆ.) ಮಾರನೇ ದಿನ ತೋಪಿಗೆ ಹೋದರೆ ಏನೋ ಬೆಳಕು ಹೆಚ್ಚಾದಂತೆ ಕಂಡಿತು. ಕಾಲಲ್ಲಿ ತರಗೆಲೆ ಸರಿಸಿದೆ. ಕೆಳಗೆ ಹಸಿ ಬುಡ! ಇನ್ನೊಂದು ಕಡೆ ಸರಿಸಿದೆ, ಅಲ್ಲೂ ಬುಡ. ಕಡಿದಿದ್ದಷ್ಟೇ ಅಲ್ಲ, ಮೇಲೆ ಎಲೆ ಮುಚ್ಚಿ ನೀಟಾಗಿ ಹಾಸಿಗೆ ಹಾಸಿ ಹೋಗಿದ್ದಾನೆ ಕಳ್ಳ.

ಮನೆಗೆ ಓಡಿ ಬಂದು ಕೂಗಾಡಿದೆ. ಮಾಯಮ್ಮ ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತದೆ, "ಸೊಟ್ಟಗಿರೋ ಮರ ಯಾರ್ ಕದೀತಾರೆ, ಬುಡ್ರೀ" ಅಂದಳು. ಕದ್ದಿದ್ದು ಸೊಟ್ಟ ಮರ ಎಂದು ನಾನು ಹೇಳಿಯೇ ಇರಲಿಲ್ಲ! ಇದನ್ನು ಅಲ್ಲೇ ಹಿಡಿಯಬೇಕಿತ್ತು. ಆದರೆ ಅಷ್ಟರಲ್ಲಿ ನನ್ನ ಬುದ್ಧಿ ದೊಡ್ಡ ಪಿತೂರಿಯ ಹಿಂದೆ ಬಿದ್ದಿತ್ತು.

ಮೊದಲನೇ ಆಪಾದಿತ ನಿಯಾಜ್. ಚನ್ನಪಟ್ಟಣದಲ್ಲಿ ಬೊಂಬೆ ಕಾರ್ಖಾನೆ ಇಟ್ಟುಕೊಂಡವನು. ಟೀವಿಎಸ್ಸಿನಲ್ಲಿ ಬಂದು, ಮರಗಳಿಗೆ ಬೆರಳಿನಿಂದ ಟಕಟಕ ಬಡಿದು, "ಏನ್ ಮರ ಬೆಳೆಸಿದೀರಾ ಬೋರಣ್ಣ, ಮಾಷಾ ಅಲ್ಲಾ!" ಎನ್ನುತ್ತಿದ್ದ. ವಿಪರೀತ ನಗುತ್ತ ಮಾತಾಡಿಸುವವನು. ಮೇಲೆ ಹೇಳಿದ ಬ್ರಹ್ಮಜ್ಞಾನ ನೆನಪಿಸಿಕೊಳ್ಳಿ. ಎರಡನೆಯವನು ನನ್ನ ಬಾಮೈದ ತಿಮ್ಮಯ್ಯ. ಅವನ ಹತ್ತಿರ ಗಾಡಿ ಇದೆ, ಕೊಡಲಿ ಇದೆ, ನಾನು ಎದುರಾದರೆ "ಭಾವ, ಮಳೆ ಬತ್ತದಾ?" ಎಂದು ಆಕಾಶ ನೋಡುವ ಕೆಟ್ಟ ಚಾಳಿಯೂ ಇದೆ.

ಮುಂದಿನ ವಾರ ಮಾಯಮ್ಮ ನನ್ನನ್ನು ರಾಮನಗರಕ್ಕೆ, ಅವಳ ಚಿಕ್ಕಮ್ಮನ ರೇಷ್ಮೆಗೂಡು ಮಾರಿಸಿ ಬರಲು ಓಡಿಸಿದಳು. ಬಂದು ನೋಡಿದರೆ ಇನ್ನಷ್ಟು ಮರ ಮಾಯ. (ಹೆಸರೇ ಮಾಯಮ್ಮ. ಆದರೂ ಹೊಳೆಯಲಿಲ್ಲ ನೋಡಿ.) ಈ ಸಲವೂ ಹೋದದ್ದು ಸೊಟ್ಟವು, ಸಣಕಲು. ನೆಟ್ಟನೆಯ ಒಂದು ಮರವನ್ನೂ ಮುಟ್ಟಿರಲಿಲ್ಲ. ಎಂಥ ಘಾಟಿ ಕಳ್ಳನಿರಬೇಕು! ಮೊದಲು ಕೆಲಸಕ್ಕೆ ಬಾರದ್ದನ್ನು ಕಡಿದು ಮಾಲೀಕ ಎಚ್ಚರವಿದ್ದಾನೋ ಇಲ್ಲವೋ ನೋಡುತ್ತಿದ್ದಾನೆ, ದಾರಿ ಬಿಡಿಸಿಕೊಳ್ಳುತ್ತಿದ್ದಾನೆ. ಮುಂದಿನ ಏಟು ಮೇಲಿನ ಸಾಲಿಗೇ!

ಅಂದೇ ಊರಲ್ಲಿ ಸಾರಿಸಿಬಿಟ್ಟೆ. ಶುಕ್ರವಾರ ಮಾರಮ್ಮನ ಗುಡಿಯಲ್ಲಿ ಕರ್ಪೂರದ ಆಣೆ. ನಮ್ಮ ಕಡೆ ಇದಕ್ಕಿಂತ ದೊಡ್ಡ ಕೋರ್ಟಿಲ್ಲ. ಅಮ್ಮನ ಮುಂದೆ ಕರ್ಪೂರ ಹಚ್ಚಿ, "ನಾನಲ್ಲ" ಎಂದು ಹೇಳಿ, ಉರಿಯನ್ನು ಅಂಗೈಯಿಂದ ಆರಿಸಬೇಕು. ಸುಳ್ಳು ಹೇಳಿ ಆರಿಸಿದವನ ಮನೆಯ ದೀಪವೂ ಆರುತ್ತದೆ ಎಂಬ ನಂಬಿಕೆ. ಲಾಯರ ಮುಂದೆ ನಿರಾತಂಕವಾಗಿ ಸುಳ್ಳು ಹೇಳುವವರು ಕೂಡ ಇಲ್ಲಿ ತೊದಲುತ್ತಾರೆ.

"ಆಣೆಗೀಣೆ ಯಾಕ್ರೀ?" ಮಾಯಮ್ಮನ ಮುಖ ಸಣ್ಣದಾಯಿತು. "ಭಾನುವಾರ ನಮ್ ಸಂಘದೋರು ತೋಪು ನೋಡಕ್ ಬತ್ತಾವ್ರೆ. ಅದು ಮುಗೀಲಿ, ಆಮ್ಯಾಕೆ ಎಲ್ಲಾನೂ ಮಾತಾಡನ."

"ತೋಪಲ್ಲೇನು ಸಿನಿಮಾ ಐತಾ ಅವ್ರು ನೋಡಕ್ಕೆ? ಶುಕ್ರವಾರ ಅಂದ್ರೆ ಶುಕ್ರವಾರ."

ಇಷ್ಟಕ್ಕೆ ನಿಂತಿದ್ದರೆ ನಾನು ಇಂದಿಗೂ ಮರ್ಯಾದಸ್ಥನಾಗಿರುತ್ತಿದ್ದೆ. ಆದರೆ ಗುರುವಾರ ಬೆಳಗ್ಗೆ ಮಾಯಮ್ಮ ಸಂಘದ ಕೆಲಸವೆಂದು ದೊಡ್ಡಆಲಹಳ್ಳಿಗೆ ಬಸ್ಸು ಹತ್ತಿದ ಮೇಲೆ ಒಂದು ಭಯಂಕರ ಯೋಚನೆ ಬಂತು. ನಾಳೆ ಆಣೆ ಎಂದು ಕಳ್ಳನಿಗೂ ಗೊತ್ತಲ್ಲ? ಸಿಕ್ಕಿಬೀಳುವ ಮುಂಚೆ ಇವತ್ತೇ ಮೇಲಿನ ಸಾಲನ್ನು ಸಾಗಿಸಿಬಿಟ್ಟರೆ? ಒಬ್ಬನೇ ಎಷ್ಟು ಹೊತ್ತು ಕಾಯಲಿ? ಬ್ಯಾಂಕಿಗೆ ಕಳ್ಳರು ಬರುತ್ತಾರೆಂದು ಗೊತ್ತಾದರೆ ಜಾಣನಾದವನು ತನ್ನ ದುಡ್ಡು ಮುಂಚೆಯೇ ಬಿಡಿಸಿಕೊಳ್ಳುವುದಿಲ್ಲವೇ? ಹೌದು. ಕಳ್ಳನಿಗಿಂತ ಮುಂಚೆ ನಾನೇ ಕಡಿದುಬಿಡಬೇಕು!

ಈಗ ಬರೆಯುವಾಗ ಇದು ಹುಚ್ಚು ಅನಿಸುತ್ತದೆ. ಅವತ್ತು ಚಾಣಕ್ಯನ ತಂತ್ರ ಅನಿಸಿತ್ತು.

ಕೊಡಲಿ ಹಿಡಿದು ಹೋದೆ. ಮೊದಲ ಏಟಿಗೇ ಬುಡದಿಂದ ಹಾಲು ಜಿನುಗಿತು. ಆಲೆ ಮರದ ಗುಣವೇ ಅದು. ನನಗೆ ಮಾತ್ರ ಕಣ್ಣಲ್ಲಿ ನೀರು ಬಂತು. "ನಿಮ್ಮನ್ನ ಕಾಪಾಡಕ್ಕೇ ಕಣ್ರಪ್ಪಾ" ಎಂದು ಮರಗಳಿಗೆ ಸಮಾಧಾನ ಹೇಳುತ್ತ ಇಡೀ ಸಾಲನ್ನು ಮಲಗಿಸಿದೆ. ಕೊಂಬೆ ಸವರಿ, ಒಂದೊಂದಾಗಿ ಹೊತ್ತು ತಂದು ಹಿತ್ತಲಿನ ಹುಲ್ಲು ಮೆದೆಯೊಳಗೆ ತುರುಕಿದೆ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಏನೂ ಅರಿಯದ ಸಂಭಾವಿತನಂತೆ ಜಗುಲಿಯ ಮೇಲೆ ಕೂತೆ.

ಸಂಜೆ ಮಾಯಮ್ಮ ಬಸ್ಸಿಳಿದವಳು ನೇರ ತೋಪಿಗೆ ಹೋಗಿದ್ದಳಂತೆ. ಅಲ್ಲಿಂದ ಬಂದ ಕೂಗು ಕೇಳಿ ನಾನೂ ಓಡಿದೆ. ಅವಳು ಬುಡವೊಂದನ್ನು ತಬ್ಬಿಕೊಂಡು ನೆಲದ ಮೇಲೆ ಕೂತಿದ್ದಳು.

"ಅಯ್ಯೋ, ನನ್ ಬೀಜದ ಮರ! ಯಾವ ಮನೆಹಾಳ ಕಡುದ್ನೋ! ಅವನ್ ಕೈ ಸೇದೋಗ!"

ನನ್ನ ಕೈ ಬೆಳಗಿನ ಕೆಲಸಕ್ಕೆ ಆಗಲೇ ಸೇದಿಹೋಗುತ್ತಿತ್ತು. ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನ ಕಂಡಕ್ಟರ್ ಎದ್ದು ಕೂತ. ಈ ಅಳು ನಿಜವೋ ನಾಟಕವೋ? ಹಾಳೂರಿಗೆ ಉಳಿದವನೇ ಗೌಡನಂತೆ, ನಂಬಿಕೆಗೆ ಉಳಿದವನು ನಾನೊಬ್ಬನೇ. ನಾಳೆ ಗುಡಿಯಲ್ಲಿ ಎಲ್ಲವೂ ಬಯಲಾಗಲಿ ಎಂದು ಬಾಯಿ ಮುಚ್ಚಿದೆ. ಅವಳು ರಾತ್ರಿ ಉಣ್ಣಲಿಲ್ಲ. ನಾನು ಉಂಡೆ, ಆದರೆ ರುಚಿಸಲಿಲ್ಲ.

ಶುಕ್ರವಾರ ಗುಡಿಯ ಮುಂದೆ ಅರ್ಧ ಊರು ಸೇರಿತ್ತು. ಪೂಜಾರಿ ಹುಚ್ಚಯ್ಯ ಕರ್ಪೂರ ಹಚ್ಚಿ, "ಯಾರ್ ಮೊದಲು?" ಅಂದ.

ನಾನು ತಿಮ್ಮಯ್ಯನ ಕಡೆ ಬೆರಳು ತೋರಿಸುವ ಮುಂಚೆ ಮಾಯಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಕಣ್ಣು ಕೆಂಪಗಿತ್ತು.

"ಅಮ್ಮನ ಮುಂದೆ ಮುಚ್ಚಿಡೋದು ಏನೈತೆ? ಸೊಟ್ಟ ಮರ ಕಡ್ಸಿದೋಳು ನಾನೇ. ಈ ಮನುಷ್ಯ ಒಪ್ಪಾಕಿಲ್ಲ ಅಂತ ಕದ್ದು ಕಡುಸ್ದೆ. ಇವ್ರುನ್ನ ಊರೂರು ತಿರುಗ್ಸಿ, ಬುಡಕ್ಕೆ ತರಗು ಮುಚ್ಚಿ, ನನ್ ತೋಪ್ನೇ ನಾನು ಕದ್ದೆ! ಮಿಕ್ಕ ಮರ ದಪ್ಪಾದ್ಮೇಲೆ ತಾವೇ ನೋಡಿ ಖುಷಿ ಪಡ್ತಾರೆ ಅನ್ಕಂಡಿದ್ದೆ. ಆದ್ರೆ ಆ ಮೇಲಿನ ಸಾಲು... ಅವು ನಾನು ನೀರು ಹೊತ್ತು ಸಾಕಿದ್ ಮಕ್ಳು. ಅವುಕ್ಕೆ ಕೊಡಲಿ ಹಾಕಿದೋಳು ನಾನಲ್ಲ."

ಟಪ್ಪೆಂದು ಅಂಗೈ ಇಟ್ಟು ಕರ್ಪೂರ ಆರಿಸಿದಳು.

ತಿಮ್ಮಯ್ಯ ಬಂದ. "ಸೊಟ್ಟವು ಕಡ್ದು ಗಾಡೀಲಿ ಸಾಗ್ಸಿದೋನು ನಾನು. ಅಕ್ಕ ಹೇಳುದ್ಲು, ಮಾಡ್ದೆ. ಭಾವ ಎದುರಾದ್ರೆ ಎಲ್ಲಿ ಬಾಯ್ ಬುಟ್ಟುಬುಡ್ತೀನೋ ಅಂತ ಮಳೆ ವಿಚಾರ ಮಾತಾಡ್ತಿದ್ದೆ. ಮೇಲಿನ ಸಾಲು ನಾ ಮುಟ್ಟಿಲ್ಲ." ಅವನೂ ಆರಿಸಿದ.

ನಿಯಾಜ್ ಟೋಪಿ ಸರಿಮಾಡಿಕೊಂಡು, "ನಾನು ಅಲ್ಲಾನ ಮೇಲೆ ಹೇಳ್ತೀನಿ, ನಿಮ್ಮ ಅಮ್ಮನ ಎದುರಿಗೂ ಹೇಳ್ತೀನಿ. ಅಕ್ಕ ಕೊಟ್ಟ ಸಣ್ಣ ಮರ ಬೊಂಬೆಗಾಡಿ ಚಕ್ರಕ್ಕೆ ಅಂತ ತಗೊಂಡೆ. ಬೀಜದ ಮರ ಕಡಿದ್ರೆ ನಾಳೆ ನಮ್ಮ ಕಾರ್ಖಾನೆಗೇ ಮರ ಎಲ್ಲಿಂದ ಬರ್ಬೇಕು ಬೋರಣ್ಣ? ನಾನಲ್ಲ" ಎಂದು ಅವನೂ ಆರಿಸಿದ.

ಹುಚ್ಚಯ್ಯ ಇನ್ನೊಂದು ಬಿಲ್ಲೆ ಹಚ್ಚಿ ಸುತ್ತ ನೋಡಿದ. "ಇನ್ಯಾರು? ಬೋರಲಿಂಗಣ್ಣ, ನೀವೂ ಆರ್ಸಿ ಬುಡಿ. ಪದ್ಧತಿ."

"ನಾನ್ಯಾಕಯ್ಯಾ? ನಾನು ಮಾಲೀಕ!"

"ಮಾಲೀಕ್ರಿಗೆ ಅಮ್ಮ ಬ್ಯಾರೆ ಅವ್ಳಾ?"

ಮುಂದೆ ಬಂದೆ. ಕರ್ಪೂರ ಧಗಧಗ ಉರಿಯುತ್ತಿತ್ತು. ಅಮ್ಮ ಬೆಳ್ಳಿಗಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. "ನಾನು..." ಅಂದೆ. "ಅದೇನಪ್ಪಾ ಅಂದ್ರೆ..." ಅಂದೆ. ಕೈ ಎತ್ತಿದೆ, ಇಳಿಸಿದೆ. ಬಿಲ್ಲೆ ಯಾರೂ ಆರಿಸದೆ ತಾನಾಗಿಯೇ ಉರಿದು ಮುಗಿಯಿತು. ನಮ್ಮೂರಲ್ಲಿ ಅದಕ್ಕೆ ಒಂದೇ ಅರ್ಥ.

ಮಾಯಮ್ಮ ನಿಧಾನವಾಗಿ ನನ್ನ ಹತ್ತಿರ ಬಂದಳು.

"ಹುಲ್ಲು ಮೆದೆ ಯಾಕಿಂಗೆ ಊದ್ಕಂಡೈತೆ ಅಂತ ಬೆಳಗ್ಗಿಂದ ಯೋಚ್ನೆ ಮಾಡ್ತಿದ್ದೆ ಕಣ್ರೀ."

ಅಷ್ಟು ಹೇಳಿ ಮನೆ ಕಡೆ ಹೊರಟಳು. ಬೈದಿದ್ದರೆ ಬದುಕುತ್ತಿದ್ದೆ. ಮನೆಯವರೆಗೂ ಅವಳ ಹಿಂದೆ ನಡೆದೆ. "ಕಳ್ಳ ಕಡೀತಾನೆ ಅಂತ ಹೆದರ್ಕೊಂಡು ಕಡಿದೆ ಕಣೆ, ತಪ್ಪಾಯ್ತು" ಎಂದು ದಾರಿಯುದ್ದಕ್ಕೂ ಹೇಳಿದೆ. ತಪ್ಪಾಯ್ತು ಎಂಬ ಪದ ನನ್ನ ಬಾಯಿಂದ ಅವಳು ಕೇಳಿದ್ದು ಅದೇ ಮೊದಲಿರಬೇಕು. ಒಮ್ಮೆ ತಿರುಗಿ ನೋಡಿದಳು. ಆದರೆ ನಿಲ್ಲಲಿಲ್ಲ.

ಭಾನುವಾರ ಸಂಘದ ಹೆಂಗಸರು ಬಂದೇ ಬಂದರು. ಕೆಳಗಿನ ತೋಪನ್ನು ನೋಡಿದವರು ಹೊಗಳಿದ್ದೇ ಹೊಗಳಿದ್ದು. ಸೊಟ್ಟವು ಹೋದ ಕಡೆ ಗಾಳಿ ಆಡುತ್ತಿತ್ತು, ನೆಲಕ್ಕೆ ಬಿಸಿಲು ಬೀಳುತ್ತಿತ್ತು, ಮೊದಲು ಕಡಿದ ಬುಡಗಳಲ್ಲಿ ಆಗಲೇ ಕೆಂಪು ಚಿಗುರು ಇಣುಕಿತ್ತು. ಹೊಟ್ಟೆ ಉರಿದರೂ ಹೇಳುತ್ತೇನೆ, ಚೆನ್ನಾಗಿಯೇ ಇತ್ತು. ಆಮೇಲೆ ಮಾಯಮ್ಮ ಎಲ್ಲರನ್ನೂ ಮೇಲಿನ ಸಾಲಿಗೆ ಕರೆತಂದಳು. ಅಲ್ಲಿ ಬೋಳು ಬುಡಗಳ ನಡುವೆ, ಚಿಗುರು ಬಂದರೆ ತಿಮ್ಮಯ್ಯನ ಮೇಕೆಗಳು ಮೇಯದಂತೆ ಕಾಯಲು, ಕೈಯಲ್ಲಿ ಕೋಲು ಹಿಡಿದು, ತಲೆಗೆ ಟವೆಲ್ ಸುತ್ತಿ ನಾನು ನಿಂತಿದ್ದೆ. ಈ ಉದ್ಯೋಗ ಚಿಗುರು ಆಳೆತ್ತರ ಆಗುವವರೆಗೆ ಎಂದು ಅಪ್ಪಣೆಯಾಗಿತ್ತು.

ಬೈರಾಪಟ್ಟಣದಿಂದ ಬಂದಿದ್ದ ಗಂಗಲಕ್ಷ್ಮಮ್ಮ ಎಂಬಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಾವಲಿಗೆ ಇಟ್ಕಂಡಿದೀರಲ್ಲ, ಈ ಆಳು ನಂಬ್ಕೆ ಮನುಷ್ಯನಾ ಮಾಯಕ್ಕ?" ಎಂದು ಕೇಳಿದಳು.

"ನಂಬ್ಕೆ ಮಾತ್ ಬುಡಿ" ಅಂದಳು ನನ್ನ ಧರ್ಮಪತ್ನಿ. "ಈ ತೋಪಿಗಿರೋ ಕಳ್ಳ ಇವ್ರೊಬ್ರೇ. ಕಣ್ಮುಂದೆ ನಿಲ್ಸಿಕೊಂಡಿದ್ರೆ ನನಗೂ ನಿದ್ದೆ ಬತ್ತದೆ, ಮರಕ್ಕೂ ನಿದ್ದೆ ಬತ್ತದೆ."