ಹೆಪ್ಪು ಹಾಕಿದ ಮುನ್ನೋಟ

ನಾಗಭೂಷಣರ ಮನೆಯ ಮೊಸರನ್ನು ಆ ಬೆಳಿಗ್ಗೆ ಬೆಕ್ಕು ಕುಡಿಯದೆ ಹೋಗಿದ್ದರೆ, ಹೊಸ ವಿಶ್ವವಿದ್ಯಾಲಯದ ಭವಿಷ್ಯ ಬೇರೆಯೇ ಆಗುತ್ತಿತ್ತು.

"ಎದುರುಮನೆಯಿಂದ ಒಂದು ಚಮಚ ಹೆಪ್ಪು ತನ್ನಿ," ಎಂದು ಹೆಂಡತಿ ಬಟ್ಟಲು ಚಾಚಿದಾಗ ಅವರು ಕನ್ನಡಿಯ ಮುಂದೆ ಭಾಷಣ ಒಪ್ಪಿಸುತ್ತಿದ್ದರು. ಹೋಬಳಿಗೊಂದು ಖಾಸಗಿ ಕಾಲೇಜು ಏಳುತ್ತಿದ್ದ, ಕಂಪ್ಯೂಟರ್ ಕೋರ್ಸಿನ ಮುಂದೆ ಇತಿಹಾಸವೆಲ್ಲ ಹಿಂದಿನ ದಿನದ ಉಪ್ಪಿಟ್ಟಿನಂತಾಗಿದ್ದ ಕಾಲ ಅದು. ಇನ್ನು ಇಪ್ಪತ್ತು ವರ್ಷಕ್ಕೆ ವಿಶ್ವವಿದ್ಯಾಲಯ ಹೇಗಿರಬೇಕೆಂದು ಅಧ್ಯಾಪಕರೆಲ್ಲ ಅಂದು ಕುಲಪತಿಗಳ ಮುಂದೆ ಹೇಳಬೇಕಿತ್ತು. ಒಳ್ಳೆಯ ಮುನ್ನೋಟ ಕೊಟ್ಟವರಿಗೆ ಕ್ಯಾಂಪಸ್ಸಿನಲ್ಲಿ ಖಾಲಿಯಿದ್ದ ಒಂದೇ ಒಂದು ಕ್ವಾರ್ಟರ್ಸ್ ಸಿಗುವುದಿತ್ತು.

ಇತಿಹಾಸದ ಮೇಷ್ಟ್ರು ನಾಗಭೂಷಣರ ಕಣ್ಣು ಆ ಕ್ವಾರ್ಟರ್ಸಿನ ಮೇಲೆಯೇ. ಮರಳೂರಿನ ಅವರ ಬೀದಿ ಒಳ್ಳೆಯದೇ, ಆದರೆ ಒಗ್ಗರಣೆ ಸೀದರೂ ಆರು ಮನೆಯವರು ಬಂದು ಕಾರಣ ಕೇಳುತ್ತಿದ್ದರು. ಓದಲು ಕೂತರೆ ಕಿಟಕಿಯಲ್ಲಿ ಯಾರದಾದರೊಂದು ಮುಖ.

"ಏನ್ ಮೇಷ್ಟ್ರೇ, ಇಷ್ಟೊತ್ತಿಗೇ ಇಸ್ತ್ರಿ ಅಂಗಿ?" ಎಂದರು ಎದುರುಮನೆಯ ರಂಗಲಕ್ಷ್ಮಮ್ಮ. ಹೇಳದೆ ಹೆಪ್ಪು ಸಿಗುವಂತಿರಲಿಲ್ಲ. ನಾಗಭೂಷಣ್ ಹೇಳಿದರು.

ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಪಕ್ಕದ ಮನೆಯ ಚನ್ನವೀರಯ್ಯ ಕನ್ನಡಕ ತೆಗೆದರು. "ಇಪ್ಪತ್ ವರ್ಷದ್ದು ಇವತ್ತೇ ಹೇಳ್ಬೇಕಾ? ನಮ್ ನಲ್ಲೀಲಿ ನಾಳೆ ನೀರು ಬರುತ್ತಾ ಅಂತ ಹೇಳೋರಿಲ್ಲ."

"ಸುಮ್ನಿರಿ ಅಣ್ಣ," ಎಂದರು ರಂಗಲಕ್ಷ್ಮಮ್ಮ. "ನೋಡಪ್ಪ, ಗುಬ್ಬೀಲಿ ನಾನು ಬಿ.ಎ. ಮೊದಲ್ನೇ ವರ್ಷ ಓದ್ತಿದ್ದೆ. ಕುಣಿಗಲ್ ಗಂಡು ಬಂತು, ಪುಸ್ತಕ ಅಟ್ಟ ಸೇರ್ತು. ನಿಮ್ ಯೂನಿವರ್ಸಿಟಿ ಗೇಟ್ ಹಾಕ್ಕೊಂಡ್ ಕೂತ್ರೆ ನನ್ನಂಥೋಳಿಗೇನು? ನಮ್ಮನೆ ಹೆಪ್ಪು ಒಂದ್ ಚಮಚ ಆಚೆ ಹೋದ್ರೆ ಬೀದಿ ಹಾಲೆಲ್ಲ ಮೊಸರಾಗುತ್ತೆ. ಓದೂ ಹಂಗೇ ಮನೆಮನೆಗೆ ಹೋಗ್ಬೇಕು ಕಣಪ್ಪ."

ಹಾಗೆಂದು ಒಳಗಿನಿಂದ ಇನ್ನೊಂದು ಸ್ಟೀಲ್ ಡಬ್ಬಿ ತಂದರು. "ಇದನ್ನ ನಿಮ್ ಕ್ಯಾಂಪಸ್ ಹಿಂದಿರೋ ನನ್ ತಂಗಿ ಮನೆಗೆ ಕೊಟ್ಬುಡು. ಹೊತ್ತು ಮುಳುಗಿದ್ಮೇಲೆ ಹೆಪ್ಪು ಕೊಡೋ ಹಂಗಿಲ್ಲ, ಈಗ್ಲೇ ಹೋಗ್ಲಿ."

ಹೆಪ್ಪು ಕೊಟ್ಟವರ ಮಾತು ತೆಗೆದುಹಾಕಲು ಆಗುತ್ತದೆಯೇ? ಡಬ್ಬಿ ಭಾಷಣದ ಜೊತೆಯಲ್ಲೇ ಬ್ಯಾಗು ಸೇರಿತು.

ಅದೇ ಬೀದಿಯ ರವೀಶನ ಆಟೋ ರಸ್ತೆಯ ಹಂಪಿನ ಮೇಲೆ ಮೇಕೆಮರಿಯಂತೆ ನೆಗೆಯಿತು. ಇಳಿದು ಬ್ಯಾಗು ತೆರೆದರೆ, ಡಬ್ಬಿಯ ಮುಚ್ಚಳ ಕಳಚಿ, ವಾರವೆಲ್ಲ ಕೂತು ಬರೆದ 'ಜಾಗತಿಕ ಮಟ್ಟದ ಶ್ರೇಷ್ಠತೆ' ಮೊಸರನ್ನವಾಗಿತ್ತು.

ರವೀಶ್ ಇಣುಕಿ ನೋಡಿದ. "ಒಗ್ಗರಣೆ ಒಂದು ಹಾಕ್ಬೋದು, ಸಾರ್."

ಸಭೆಯಲ್ಲಿ ಎದ್ದವರೆಲ್ಲ ಜಾಗತಿಕ ಮಟ್ಟವನ್ನೇ ಹೇಳಿದರು. ಕುಲಪತಿಗಳು ಪಾಪ, ಆಕಳಿಕೆ ನುಂಗುತ್ತಾ ಕೇಳಿಸಿಕೊಂಡರು. ನಾಗಭೂಷಣರ ಸರದಿ ಬಂದಾಗ ಕೈಯಲ್ಲಿ ಹಾಳೆಯಿಲ್ಲ, ತಲೆಯಲ್ಲಿ ಒಂದು ಸಾಲೂ ಇಲ್ಲ. ನೆನಪಿದ್ದದ್ದು ಹೆಪ್ಪು ಮಾತ್ರ.

"ನಮ್ಮ ಎದುರುಮನೆ ರಂಗಲಕ್ಷ್ಮಮ್ಮನವರು ಹೇಳ್ತಾರೆ..." ಎಂದು ಶುರು ಮಾಡಿದವರು ಅಟ್ಟ ಸೇರಿದ ಪುಸ್ತಕದವರೆಗೆ ಎಲ್ಲವನ್ನೂ ಹೇಳಿಬಿಟ್ಟರು. ಹೇಳುತ್ತಾ ಹೇಳುತ್ತಾ ಅವರ ದನಿಯೇ ಮೆತ್ತಗಾಯಿತು. ದಿನಾ ನೋಡುವ ಆ ಹೆಂಗಸು ಎಂಥ ಮಾತಾಡಿದ್ದಾರೆಂದು ಅವರಿಗೆ ಹೊಳೆದದ್ದೇ ಆಗ.

ಕುಲಪತಿಗಳು ನೆಟ್ಟಗೆ ಕೂತರು. "ಇದೇ ನಮ್ಮ ಮುನ್ನೋಟ. ಮನೆಗೆಲಸ ಮುಗಿದ ಮೇಲೆ, ಸಂಜೆ ಹೊತ್ತು, ಬೀದಿಗೊಂದು ಕಲಿಕಾ ಕೇಂದ್ರ."

ಸಭೆ ಚಪ್ಪಾಳೆ ತಟ್ಟಿತು. ನಾಗಭೂಷಣ್ ಮನಸ್ಸಿನಲ್ಲೇ ಕ್ವಾರ್ಟರ್ಸಿನೊಳಗೆ ಮಂಚ ಹಾಕಿ, ಕಿಟಕಿಗೆ ಪರದೆ ಕಟ್ಟಿದರು.

"ಆದರೆ ಇಂಥ ಜನರ ನಡುವೆ ಬೇರುಬಿಟ್ಟವರನ್ನು ಕಿತ್ತು ತರೋದು ಮಹಾಪಾಪ," ಎಂದರು ಕುಲಪತಿಗಳು. "ಮೊದಲ ಕೇಂದ್ರ ನಿಮ್ಮ ನಡುಮನೆಯಲ್ಲೇ ಆಗಲಿ. ಆ ಮೊದಲ ಬ್ಯಾಚು ಪಾಸಾಗಲಿ, ಆಮೇಲೆ ಕ್ವಾರ್ಟರ್ಸ್ ನೋಡೋಣ."

ಬಾಗಿಲ ಬಳಿ ನಿಂತು ಕೇಳಿಸಿಕೊಂಡಿದ್ದ ರವೀಶ್ ಅವರಿಗಿಂತ ಮೊದಲೇ ಬೀದಿ ಮುಟ್ಟಿದ್ದ. ಸಂಜೆ ನಾಗಭೂಷಣ್ ಬರುವಷ್ಟರಲ್ಲಿ ನಡುಮನೆ ತುಂಬಾ ಬೀದಿಯವರ ಕುರ್ಚಿಗಳು. ಚನ್ನವೀರಯ್ಯನವರು ಗೋಡೆಗೆ ಒರಗುವ ಜಾಗ ಹಿಡಿದಾಗಿತ್ತು. ಎಲ್ಲರ ಮುಂದೆ ರಂಗಲಕ್ಷ್ಮಮ್ಮ, ಅಟ್ಟದಿಂದ ಇಳಿಸಿದ ಪುಸ್ತಕವನ್ನು ಸೆರಗಿನಲ್ಲಿ ಒರೆಸುತ್ತಾ ಕೂತಿದ್ದರು. ಅವರ ಮುಖ ಆಗತಾನೇ ತೊಳೆದ ಹಿತ್ತಾಳೆ ದೀಪದಂತಿತ್ತು. ನಾಗಭೂಷಣರಿಗೆ ಸಿಟ್ಟು ಮಾಡಲೂ ಮನಸ್ಸಾಗಲಿಲ್ಲ.

"ನಾವು ಪಾಸಾದ್ರೆ ನಿನ್ನನ್ನ ಕ್ವಾರ್ಟರ್ಸಿಗೆ ಕಳಿಸ್ತಾರಂತಲ್ಲ, ರವೀಶ ಹೇಳ್ದ," ಎಂದರು ರಂಗಲಕ್ಷ್ಮಮ್ಮ. "ನಮ್ಮನ್ನೆಲ್ಲ ಬಿಟ್ಟು ಹೋಗೋಕೆ ನಿಂಗೆ ಎಷ್ಟು ಸಂಕಟ ಅಂತ ನಮಗೆ ಗೊತ್ತಿಲ್ವಾ? ಎಲ್ರೂ ಮಾತಾಡ್ಕೊಂಡಿದೀವಿ. ನೀನು ಧೈರ್ಯವಾಗಿ ಪಾಠ ಮಾಡು. ನಾವ್ಯಾರೂ ಪಾಸಾಗಲ್ಲ ಕಣಪ್ಪ."